ಸದರಿ ಬೋಟಿನ ಹೇಳಿಕೆ

ಮೀನುಗಾರಿಕೆ ಬೋಟು ಕೊಳ್ಳುವವರಿಗೆ ಅದರ ತಳವನ್ನು ಕಣ್ಣಾರೆ ಕಾಣುವ ಅವಕಾಶ ವರ್ಷದ ಬಹುಕಾಲ ದೊರೆಯುವುದಿಲ್ಲ. ಆದ್ದರಿಂದ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು ಮೀನಿನ ಸಂತಾನೋತ್ಪತ್ತಿಗೆ ಮಾತ್ರವಲ್ಲದೆ ಬೋಟುಗಳ ಕ್ರಯವಿಕ್ರಯಕ್ಕೂ ಪ್ರಶಸ್ತವಾದ ಕಾಲವಾಗಿವೆ. ಆ ಅವಧಿಯಲ್ಲಿ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆ ಮುಂತಾದೆಡೆ ದಡಕ್ಕೇರಿದ ಬೋಟುಗಳ ನಡುವೆ ಮಾಲೀಕರು, ದಲ್ಲಾಳಿಗಳು, ಬ್ಯಾಂಕಿನವರು ಮತ್ತು ವಿಮಾ ಸರ್ವೇಯರುಗಳು ಓಡಾಡುತ್ತ, ಮರದ್ದು ಮೇಲೋ ಫೈಬರಿನದು ಮೇಲೋ ಎಂದು ಚರ್ಚಿಸುತ್ತಾರೆ. ಚರ್ಚೆಗೆ ವಸ್ತುವಾದ ಬೋಟಿನ ಅಭಿಪ್ರಾಯವನ್ನು ಕೇಳುವ ಪದ್ಧತಿ ಮಾತ್ರ ಇದುವರೆಗೆ ಬೆಳೆದಿಲ್ಲ. ಆ ಕೊರತೆಯನ್ನು ತುಂಬಲು ಕಾಲ್ಪನಿಕವಾಗಿ ನಡೆಸಿದ ಸಂದರ್ಶನವೊಂದರ ವರದಿ ಇದು.

ಸಂದರ್ಶನ ನೀಡಿದ ಬೋಟು ಮರದಿಂದ ನಿರ್ಮಾಣಗೊಂಡು, ಅನಂತರ ಹೊರಮೈಗೆ ಫೈಬರ್ ಹೊದಿಕೆ ಹಾಕಿಸಿಕೊಂಡದ್ದು. ಎಂದರೆ ಎರಡು ಪಕ್ಷಗಳ ವಾದವನ್ನೂ ತನ್ನ ಮೈಮೇಲೆಯೇ ಹೊತ್ತದ್ದು. ಹುಟ್ಟಿದಂದಿನಿಂದ ತನ್ನ ವಿಷಯದಲ್ಲಿ ಯಾರಾದರೂ ಗಟ್ಟಿಯಾಗಿ ಓದಿದ್ದೆಂದರೆ ನೋಂದಣಿ ಪತ್ರ, ಬ್ಯಾಂಕಿನ ಸಾಲಪತ್ರ ಮತ್ತು ವಿಮಾ ಪಾಲಿಸಿ ಇವು ಮೂರೇ ಆದುದರಿಂದ, ಅದು ತನ್ನನ್ನು ‘ಸದರಿ ಬೋಟು’ ಎಂದೇ ಕರೆದುಕೊಳ್ಳುತ್ತದೆ. ಉತ್ತರಗಳನ್ನು ತಿದ್ದದೆ ಹಾಗೆಯೇ ಕೊಡಲಾಗಿದೆ.

ಪ್ರಶ್ನೆ: ತಾವು ಮರದ ಬೋಟೋ, ಫೈಬರ್ ಬೋಟೋ?

ಉತ್ತರ: ಅದು ಕೇಳುವವರನ್ನು ಅವಲಂಬಿಸಿದೆ. ಕೊಳ್ಳಲು ಬಂದವರು ಹುಳದ ಮಾತೆತ್ತಿದರೆ ಮಾಲೀಕರು ಸದರಿ ಬೋಟನ್ನು ಫೈಬರ್ ಎನ್ನುತ್ತಾರೆ. ಅದೇ ಗಿರಾಕಿ ಗಟ್ಟಿತನದ ಮಾತೆತ್ತಿದರೆ, ಇದು ಹೆಬ್ಬಲಸಿನ ಮರ, ಹೀಗೆ ಹಲಗೆ ಕೂಡಿಸುವ ಆಚಾರಿಗಳು ಈಗೆಲ್ಲಿದ್ದಾರೆ ಎನ್ನುತ್ತಾರೆ. ವಾಸ್ತವವೇನೆಂದರೆ, ಅಡಿಮರದ ಮೇಲೆ, ಎಂದರೆ ಮುಂತುದಿಯಿಂದ ಹಿಂತುದಿಯವರೆಗೆ ಬೆನ್ನೆಲುಬಿನಂತೆ ಹಾಯುವ ತೊಲೆಯ ಮೇಲೆ, ಅಡ್ಡಪಟ್ಟಿಗಳನ್ನು ನಿಲ್ಲಿಸಿ, ಹಲಗೆ ಜೋಡಿಸಿ, ಸಂದುಗಳಿಗೆ ಹತ್ತಿ ಮತ್ತು ರಾಳ ತುಂಬಿ ಸದರಿ ಬೋಟನ್ನು ಕಟ್ಟಲಾಯಿತು. ಕೆಲವು ಮಳೆಗಾಲಗಳ ನಂತರ ಅದರ ಮೇಲೆ ಗಾಜಿನ ಎಳೆಗಳ ಮ್ಯಾಟನ್ನು ಹಾಸಿ ಪಾಲಿಯೆಸ್ಟರ್ ರೆಸಿನ್ ಬಳಿಯಲಾಯಿತು. ಈ ರೆಸಿನ್ ಒಮ್ಮೆ ಗಟ್ಟಿಯಾಯಿತೆಂದರೆ ಎಷ್ಟು ಕಾಯಿಸಿದರೂ ಮತ್ತೆ ಕರಗದು. ಅಮೆರಿಕದ ರೇ ಗ್ರೀನ್ ಎಂಬಾತ 1942ರಲ್ಲಿ ಇದೇ ಎರಡು ಪದಾರ್ಥಗಳಿಂದ ಒಂದು ಚಿಕ್ಕ ಹಾಯಿದೋಣಿ ಮಾಡಿದ ಮೇಲೆ, ಮರವೇ ಇಲ್ಲದ ಫೈಬರ್ ದೋಣಿಗಳ ವಂಶ ಆರಂಭವಾಯಿತು. ಸದರಿ ಬೋಟು ಆ ವಂಶದ್ದಲ್ಲ, ಅದರ ಅಂಗಿ ಮಾತ್ರ ತೊಟ್ಟಿದೆ.

ಪ್ರಶ್ನೆ: ಅಂಗಿಯ ಅಗತ್ಯ ಏಕೆ ಬಂತು?

ಉತ್ತರ: ಟೆರಿಡೊ ಎಂಬ ಜೀವಿಯ ದೆಸೆಯಿಂದ. ಎಲ್ಲರೂ ಅದನ್ನು ಹುಳವೆಂದೇ ಬೈಯುತ್ತಾರಾದರೂ ಶಾಸ್ತ್ರದ ಪ್ರಕಾರ ಅದು ಸಿಪ್ಪಿಮೀನಿನ ಬಳಗದ ಮೃದ್ವಂಗಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತಿನಿಂದ ಹಲಗೆಯೊಳಗೆ ಹೋಗಿ, ಅಲ್ಲಿಯೇ ಬೆಳೆದು, ಮರವನ್ನೇ ತಿಂದು ಉದ್ದುದ್ದ ಸುರಂಗ ಕೊರೆಯುವುದರಿಂದ, ಹೊರಗಿನಿಂದ ನೋಡಿದವರಿಗೆ ಹಲಗೆ ನುಣುಪಾಗಿಯೇ ಕಾಣುತ್ತದೆ. 1503ರಲ್ಲಿ ಕೊಲಂಬಸ್ಸನ ಹಡಗುಗಳು ಜಮೈಕಾದ ದಡದಲ್ಲಿ ಕೆಲಸಕ್ಕೆ ಬಾರದೆ ಬಿದ್ದದ್ದೂ ಇದರಿಂದಲೇ. ಸಾಮ್ರಾಜ್ಯದ ಹಡಗಿಗೂ ಸಾಲದ ಬೋಟಿಗೂ ಅದು ಭೇದ ಮಾಡುವುದಿಲ್ಲ. ಹಿಂದಿನವರು ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು, ಪ್ರತಿ ಮಳೆಗಾಲಕ್ಕೂ ಮತ್ತೆ ಬಳಿಯಬೇಕಿತ್ತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಅಗ್ಗದ ರಬ್ಬರ್ ಮರಕ್ಕೆ ರಾಸಾಯನಿಕ ಉಣಿಸಿ, ಮೇಲೆ ಫೈಬರ್ ಹೊದಿಸಿ ದೋಣಿ ಮಾಡಿ ತೋರಿಸಿದರು. ಸದರಿ ಬೋಟಿಗೆ ಉಣಿಸುವ ಭಾಗ್ಯವಿರಲಿಲ್ಲ, ಹೊದಿಸುವುದಷ್ಟೇ ನಡೆಯಿತು.

ಪ್ರಶ್ನೆ: ಹೊದಿಕೆಯಿಂದ ರಕ್ಷಣೆ ದೊರೆಯಿತಲ್ಲವೇ?

ಉತ್ತರ: ಸಮುದ್ರದಿಂದ ದೊರೆಯಿತು, ಮಳೆಯಿಂದ ದೊರೆಯಲಿಲ್ಲ. ಉಪ್ಪುನೀರು ಮರವನ್ನು ಕೊಳೆಸುವ ಶಿಲೀಂಧ್ರವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಸಿಹಿನೀರು ಅದನ್ನು ಸಾಕುತ್ತದೆ. ಡೆಕ್ಕಿನ ಬಿರುಕಿನಿಂದ ಇಳಿದ ಮಳೆನೀರು ಮರಕ್ಕೂ ಫೈಬರಿಗೂ ನಡುವೆ ಸೇರಿಕೊಂಡಿತೆಂದರೆ ಆರಲು ದಾರಿಯೇ ಇರುವುದಿಲ್ಲ. ನಾಲ್ಕು ತಿಂಗಳು ಮಳೆ ಸುರಿಯುವ ಈ ಕರಾವಳಿಯಲ್ಲಿ, ಕಡಲಿನ ಮೇಲೆ ನಿರ್ಭಯವಾಗಿ ತೇಲುವ ಬೋಟು ದಡದ ಮೇಲೆ ಟಾರ್ಪಾಲಿನಡಿ ಕುಳಿತು ಕೊಳೆಯುತ್ತದೆ. ಈ ಸಂಗತಿಯನ್ನು ವಿಶ್ರಾಂತಿ ಎಂದು ಕರೆಯಲಾಗುತ್ತದೆ.

ಇಲ್ಲಿ ಸಂದರ್ಶಕರು ಪರೀಕ್ಷಾ ವಿಧಾನದತ್ತ ಮಾತು ತಿರುಗಿಸಿದರು. ಬರಿಯ ಮರದ ಬೋಟನ್ನು ಪರೀಕ್ಷಿಸುವವರು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ, ಚೂಪಾದ ಚಾಕುವನ್ನು ಹಲಗೆಗೆ ಒತ್ತಿ ಎಷ್ಟು ಆಳ ಇಳಿಯುತ್ತದೆಂದು ನೋಡುತ್ತಾರೆ, ಮೊಳೆಯ ತಲೆಯ ಸುತ್ತ ತುಕ್ಕಿನ ಕಲೆ ಇದೆಯೇ ಎಂದು ಹುಡುಕುತ್ತಾರೆ. ಫೈಬರ್ ಹೊದ್ದ ಬೋಟಿನಲ್ಲಿ ಚಾಕು ಇಳಿಯದು, ಮೊಳೆ ಕಾಣದು; ಉಳಿಯುವುದು ಸದ್ದೊಂದೇ.

ಪ್ರಶ್ನೆ: ಸದ್ದಿನಿಂದ ಸತ್ಯ ತಿಳಿಯುವುದೇ?

ಉತ್ತರ: ತಟ್ಟುವವರ ಮೇಲೆ ಹೋಗುತ್ತದೆ. ಕೊಳ್ಳುವವರ ಕಡೆಯವರು ತಟ್ಟಿದಾಗ ಪೊಳ್ಳಾಗಿ ಕೇಳಿಸಿದ ಜಾಗವೇ, ಮಾರುವವರ ಕಡೆಯವರು ತಟ್ಟಿದಾಗ ದೇವಸ್ಥಾನದ ಗಂಟೆಯಂತೆ ಕೇಳಿಸುತ್ತದೆ. ಸರ್ವೇಯರೊಬ್ಬರು ಸದರಿ ಬೋಟಿನ ಎಡಮಗ್ಗುಲಿಗೆ ಮೂರು ಬಾರಿ ತಟ್ಟಿ, ಬಲಮಗ್ಗುಲಿನಲ್ಲಿ ಕೆಸರಿದ್ದ ಕಾರಣ ಅತ್ತ ಹೋಗದೆ, ‘ಎರಡೂ ಮಗ್ಗುಲು ಸುಸ್ಥಿತಿಯಲ್ಲಿವೆ’ ಎಂದು ಬರೆದುಕೊಂಡರು. ಹೊಸ ಬಣ್ಣವಂತೂ ಹಿಂದಿನ ವಾರವೇ ಬಿದ್ದಿದೆ. ಬೋಟಿಗೆ ಅದರ ಆಯುಷ್ಯದಲ್ಲಿ ಅತ್ಯಂತ ಶ್ರದ್ಧೆಯಿಂದ ಬಣ್ಣ ಹಚ್ಚುವುದು ಮಾರಲು ನಿಶ್ಚಯಿಸಿದ ವರ್ಷದಲ್ಲಿಯೇ.

ಪ್ರಶ್ನೆ: ಪಕ್ಕದಲ್ಲಿರುವ ಅಪ್ಪಟ ಫೈಬರ್ ದೋಣಿಗೆ ಈ ತಾಪತ್ರಯವಿಲ್ಲವಷ್ಟೆ?

ಉತ್ತರ: ಅದಕ್ಕೆ ಹುಳವಿಲ್ಲ, ಒಪ್ಪಬೇಕು. ಹಗುರವಾದ್ದರಿಂದ ಕಡಿಮೆ ಜನ ಸೇರಿ ಮರಳಿನ ಮೇಲೆ ಎಳೆಯಬಹುದು. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೂ ಸದರಿ ಬೋಟಿನ ಹಲಗೆಗಳಂತೆ ಒಣಗಿ ಸಂದು ಬಿಡುವುದಿಲ್ಲ, ಮತ್ತೆ ನೀರಿಗಿಳಿದಾಗ ಮರ ನೀರು ಕುಡಿದು ಉಬ್ಬಿ ಸಂದು ಮುಚ್ಚುವವರೆಗೆ ಒಳನೀರು ಎತ್ತುತ್ತ ಕೂರಬೇಕಾಗಿಯೂ ಇಲ್ಲ. ಒಂದೇ ಅಚ್ಚಿನಿಂದ ಹತ್ತಾರು ತಂಗಿಯರನ್ನು ಇಳಿಸಬಹುದು. ಆದರೆ ಕಪ್ಪೆಚಿಪ್ಪಿನಂಥ ಜೀವಿಗಳು ಅದಕ್ಕೂ ಅಂಟುತ್ತವೆ. ಜೆಲ್‌ಕೋಟ್ ಎನ್ನುವ ಅದರ ಹೊರಪದರದ ಮೂಲಕ ವರ್ಷಗಟ್ಟಲೆ ನೀರು ಜಿನುಗಿ, ಒಳಗಿನ ರೆಸಿನ್ನಿನಲ್ಲಿ ಉಳಿದಿರುವ ಪದಾರ್ಥಗಳೊಡನೆ ಬೆರೆತು ಒತ್ತಡ ಹುಟ್ಟಿಸಿ ಗುಳ್ಳೆ ಏಳಿಸುತ್ತದೆ. ಮಾರುವವರು ಅದನ್ನು ಬಿಸಿಲಿನ ಗುಳ್ಳೆ ಎಂದು ಪರಿಚಯಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮ್ಯಾಟಿನ ಎಷ್ಟು ಪದರ ಹಾಕಿದರೆಂಬುದು ಕಟ್ಟಿದವರಿಗೂ ದೇವರಿಗೂ ಗೊತ್ತು. ಮರದ ಕಳಪೆತನವನ್ನು ಹುಳ ಬಯಲು ಮಾಡುತ್ತದೆ, ಫೈಬರಿನ ಕಳಪೆತನವನ್ನು ಬಯಲು ಮಾಡಲು ಅಂಥ ನಿಷ್ಠಾವಂತ ನೌಕರರಿಲ್ಲ.

ಪ್ರಶ್ನೆ: ಹಾಗಿದ್ದರೂ ತಮ್ಮ ಮಾಲೀಕರು ಮುಂದೆ ಮರದ ಬೋಟು ಕಟ್ಟಿಸುವುದಿಲ್ಲವೆಂದು ಕೇಳಿಬಂತು.

ಉತ್ತರ: ನಿಜ. ಮರದ ಬೋಟಿನ ಗತ್ತೇ ಬೇರೆ ಎಂದು ಅವರು ದಕ್ಕೆಯಲ್ಲಿ ಹೇಳಿದ ದಿನವೇ ಉಕ್ಕಿನ ಬೋಟಿಗೆ ಮುಂಗಡ ಕೊಟ್ಟು ಬಂದಿದ್ದರು. ಅವರನ್ನು ದೂಷಿಸಿ ಫಲವಿಲ್ಲ. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ ಮರ ಕಡಿತಕ್ಕೂ ಮರದ ಮಿಲ್ಲುಗಳಿಗೂ ಬಿಗಿಯಾದ ನಿರ್ಬಂಧ ಹೇರಿದ ಮೇಲೆ ದೊಡ್ಡ ದಿಮ್ಮಿ ದೊರೆಯುವುದು ಕಷ್ಟವಾಯಿತು. ಘಟ್ಟದ ಕಾಡಿನ ದೃಷ್ಟಿಯಿಂದ ಅದು ಸರಿಯೇ. ದಿಮ್ಮಿ ಬಂದರೂ ಬಾಚಿ ಹಿಡಿದು ಅದಕ್ಕೆ ಬಾಗು ಕೊಡುವ ಆಚಾರಿಯ ಮಗ ಬೇರೆ ಉದ್ಯೋಗಕ್ಕೆ ಹೋಗಿದ್ದಾನೆ. ಮರದ ಬೋಟಿನ ಅಭಿಮಾನಿಗಳ ಸಂಖ್ಯೆ ಏರಿದಷ್ಟೂ ಮರದ ಬೋಟಿನ ಗಿರಾಕಿಗಳ ಸಂಖ್ಯೆ ಇಳಿಯುತ್ತಿರುವುದು ಸದರಿ ಬೋಟಿನ ಗಮನಕ್ಕೆ ಬಂದಿದೆ.

ಪ್ರಶ್ನೆ: ಸರಿ, ತಮ್ಮ ಮೌಲ್ಯವೆಷ್ಟು?

ಉತ್ತರ: ಯಾವ ಪುಸ್ತಕದಲ್ಲಿ? 1962ರ ಆದಾಯ ತೆರಿಗೆ ನಿಯಮಗಳ ಸವಕಳಿ ಪಟ್ಟಿಯಲ್ಲಿ, ಎಂದರೆ ಆಸ್ತಿ ಸವೆಯುವುದನ್ನು ವರ್ಷವರ್ಷವೂ ಲೆಕ್ಕದಿಂದ ಕಳೆಯಲು ಮಾಡಿದ ಪಟ್ಟಿಯಲ್ಲಿ, ಸಾಗರಗಾಮಿ ಹಡಗುಗಳ ಸಾಲಿನಲ್ಲಿಯೇ ಮರದ ಒಡಲಿನ ಮೀನುಗಾರಿಕೆ ಹಡಗುಗಳನ್ನು ಹೆಸರಿಸಿ ಶೇ. 20ರ ದರ ಕೊಡಲಾಗಿತ್ತು. ಹಡಗುಗಳ ಪಕ್ಕ ಕುಳಿತ ಆ ಒಂದು ಸಾಲು ಸದರಿ ಬೋಟಿಗೆ ದೊರೆತ ಏಕೈಕ ಗೌರವ. ಈ ದರ ಉಳಿದ ಮೌಲ್ಯದ ಮೇಲೆ ಬೀಳುವುದರಿಂದ, 10 ಲಕ್ಷ ರೂಪಾಯಿಯ ಬೋಟು 10 ವರ್ಷದ ನಂತರ ಸುಮಾರು 1.07 ಲಕ್ಷಕ್ಕೂ, 20 ವರ್ಷದ ನಂತರ ಸುಮಾರು 11,500 ರೂಪಾಯಿಗೂ ಇಳಿಯುತ್ತದೆ. ಆದರೆ ಎಂದಿಗೂ ಸೊನ್ನೆಯಾಗುವುದಿಲ್ಲ. ಬೋಟು ಮುಳುಗಬಹುದು, ಲೆಕ್ಕಶಾಸ್ತ್ರದಲ್ಲಿ ತೇಲುತ್ತಲೇ ಇರುತ್ತದೆ. ವಿಮೆಯವರ ಪುಸ್ತಕದಲ್ಲಿ ಮತ್ತೊಂದು ಮೌಲ್ಯ, ಸಾಲ ಕೇಳುವಾಗ ಇನ್ನೊಂದು, ತೆರಿಗೆ ಕಟ್ಟುವಾಗ ಮಗದೊಂದು. ಎಲ್ಲವೂ ಒಂದೇ ಬೋಟಿನವು ಎಂದು ತಿಳಿದಾಗ ಸದರಿ ಬೋಟಿಗೆ ತನ್ನ ಗಾತ್ರದ ಬಗ್ಗೆ ಹೆಮ್ಮೆಯೆನಿಸಿತು.

ಪ್ರಶ್ನೆ: ಮಾರುಕಟ್ಟೆಯ ಬೆಲೆ?

ಉತ್ತರ: ಎಂಜಿನ್ನಿಗೆ ಒಂದು ಬೆಲೆ, ಬಲೆ ಎಳೆಯುವ ವಿಂಚಿಗೆ ಒಂದು, ಬಲೆಗೆ ಒಂದು. ನೋಂದಣಿ ಮತ್ತು ಪರವಾನಗಿ ಚೊಕ್ಕವಾಗಿದ್ದರೆ, ಅದರೊಡನೆ ತೆರಿಗೆ ವಿನಾಯಿತಿಯ ಡೀಸೆಲ್ಲಿನ ಅರ್ಹತೆಯೂ ಬರುವುದರಿಂದ, ಕಾಗದಕ್ಕೆ ಎಲ್ಲಕ್ಕಿಂತ ಖುಷಿಯಾಗಿ ಹಣ ಬಿಚ್ಚುತ್ತಾರೆ. ಕಡೆಯಲ್ಲಿ ‘ಬಾಡಿ ಹೇಗಿದೆ’ ಎನ್ನುತ್ತಾರೆ. ಬೋಟು ನಡೆಸುವ ತಾಂಡೇಲನನ್ನೂ ಅವನ ಜತೆ ದುಡಿಯುವ ಕಲಾಸಿಗಳನ್ನೂ ನೀರಿನ ಮೇಲೆ ಹಿಡಿದಿಡುವ ಭಾಗ ಈ ಬಾಡಿಯೇ. ವ್ಯವಹಾರದಲ್ಲಿ ಅದಕ್ಕೆ ದೊರೆಯುವ ಸಮಯ ಚಹಾ ಆರುವಷ್ಟು.

ಪ್ರಶ್ನೆ: ಕೊನೆಯದಾಗಿ, ಆಯುಷ್ಯ ಮುಗಿದ ಮೇಲೆ?

ಉತ್ತರ: ಅಲ್ಲಿ ಮಾತ್ರ ಮರಕ್ಕೆ ಮೇಲುಗೈ. ಕೆಟ್ಟ ಹಲಗೆ ಒಲೆಗೆ ಹೋಗುತ್ತದೆ, ಒಳ್ಳೆಯ ಹಲಗೆ ಹೊಳಪು ಪಡೆದು ರೆಸಾರ್ಟಿನ ಮೇಜಾಗಿ, ತೇಲುತ್ತಿದ್ದಾಗ ಕಾಣದ ಬೆಲೆಯನ್ನು ಕಾಣುತ್ತದೆ. ಉಕ್ಕಿನ ಬೋಟು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಸಲ್ಲುತ್ತದೆ. ಫೈಬರ್ ಕರಗದು, ಕೊಳೆಯದು. ಸುಟ್ಟರೆ ವಿಷದ ಹೊಗೆ, ಗುಜರಿಯವರಿಗೆ ಕೊಟ್ಟರೆ ಬೇಡವೆನ್ನುತ್ತಾರೆ. ಮಾರುವಾಗ ‘ಸಾವಿಲ್ಲದ ಮೈ’ ಎಂದು ಹೊಗಳಿದ ಗುಣವೇ ಬಿಸಾಡುವಾಗ ದೋಷವಾಗುತ್ತದೆ. ಅಂತರರಾಷ್ಟ್ರೀಯ ಕಡಲ ಸಂಘಟನೆ 2019ರಲ್ಲಿ, ಇಂಥ ಹಳೆಯ ಒಡಲುಗಳನ್ನು ಸಮುದ್ರಕ್ಕೆ ಎಸೆಯುವುದರ ಬದಲು ಏನು ಮಾಡಬಹುದೆಂದು ವರದಿಯನ್ನೇ ಪ್ರಕಟಿಸಬೇಕಾಯಿತು. ಸದರಿ ಬೋಟಿನ ಪಾಡು ಇನ್ನೂ ವಿಚಿತ್ರ: ಅಂಗಿಯ ಕಾರಣದಿಂದ ಅದು ಸೌದೆಯಾಗಿಯೂ ಪೂರ್ತಿ ಸಲ್ಲದು.

ಸಂದರ್ಶನ ಇಲ್ಲಿಗೆ ನಿಂತಿತು. ಗಿರಾಕಿಗಳು ಬಂದು ಎಂಜಿನ್ ಚಾಲೂ ಮಾಡಿಸಿದ್ದರಿಂದ ಬೋಟಿನ ಮಾತು ಮುಂದೆ ಕೇಳಿಸಲಿಲ್ಲ. ಅವರು ಎಂಜಿನ್ನಿನ ಸದ್ದನ್ನು ಬಹಳ ಹೊತ್ತು ಕೇಳಿ, ನೋಂದಣಿ ಪತ್ರವನ್ನು ಎರಡು ಸಲ ಓದಿ, ಬಾಡಿಯ ಮೇಲೆ ಒಮ್ಮೆ ಕೈಯಾಡಿಸಿದರು. ಈ ವರದಿಯನ್ನು ಓದಿ ಮುಂದಿನ ಜೂನ್‌ನಲ್ಲಿ ಬೋಟು ಕೊಳ್ಳಲು ಹೊರಡುವವರು ಎರಡು ಕೆಲಸ ಮಾಡಬೇಕೆಂದು ಕೋರಲಾಗಿದೆ: ಅಡಿಮರದ ಬಳಿ ಅಂಗೈಯಗಲ ಫೈಬರನ್ನು ಕತ್ತರಿಸಿ ಒಳಗಿನ ಮರಕ್ಕೆ ಚಾಕು ಒತ್ತಿ ನೋಡಬೇಕು, ಮತ್ತು ಕೆಟ್ಟ ಮೇಲೆ ಒಡಲನ್ನು ಸಾಗಿಸುವ ಖರ್ಚನ್ನು ಅಂದೇ ಲೆಕ್ಕ ಹಾಕಿ ಬೆಲೆಯಿಂದ ಕಳೆಯಬೇಕು.