ಬೆಂಚಿನ ಮೇಲಿನ ಡಿಫೆಂಡರ್‌ನ ಪರವಾಗಿ ಬುಲ್ಸ್ ಮಾಲೀಕರಿಗೊಂದು ಬಹಿರಂಗ ಪತ್ರ

ಬೆಂಗಳೂರು ಬುಲ್ಸ್ ತಂಡದ ಮಾಲೀಕರಿಗೆ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಬಡ್ಡಿ ಪ್ರೇಕ್ಷಕರ ಪರವಾಗಿ ಈ ಪತ್ರ.

ಗೋಳಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಕುಲುಕಾಡಿದರೆ ಮಾತ್ರ ನಿಮ್ಮೂರು ಸಿಗುವ ನಮ್ಮಂಥವರಿಂದ ನಿಮಗೆ ಟಿಕೆಟ್ಟಿನ ಹಣವೂ ಬರುವುದಿಲ್ಲ, ಅಂಕಣದ ಹತ್ತಿರದ ಕುರ್ಚಿಯೂ ತುಂಬುವುದಿಲ್ಲ. ಆದರೂ ಸಲಹೆ ಕೊಡಲು ಬಂದಿದ್ದೇವೆ; ಪುಕ್ಕಟೆ ಸಲಹೆಗೆ ನಮ್ಮ ಜಿಲ್ಲೆಯಲ್ಲಿ ಯಾವತ್ತೂ ಬರ ಬಿದ್ದಿಲ್ಲ. ಹರಾಜಿಗೆ ಮುಂಚೆ ಯಾರನ್ನು ಉಳಿಸಿಕೊಳ್ಳಬೇಕು ಎಂಬ ಪಟ್ಟಿ ಮಾಡುವಾಗ ಕೊನೆಯ ಸಾಲಿನಲ್ಲಿ ಒಬ್ಬ ಬದಲಿ ಕವರ್ ಡಿಫೆಂಡರ್ ಇರುತ್ತಾನೆ. ಒಪ್ಪಂದ ಮುಗಿದಿದೆ. ಪೋಸ್ಟರಿನಲ್ಲಿ ಅವನ ಮುಖವಿಲ್ಲ, ರೀಲ್ಸ್ ಮಾಡಲು ತೊಡೆ ತಟ್ಟಿದ ದೃಶ್ಯವೂ ಇಲ್ಲ. ಇಂಥವನ ಹೆಸರಿನ ಮೇಲೆ ಗೆರೆ ಎಳೆಯುವುದು ಎಷ್ಟು ಸುಲಭವೆಂದರೆ, ಅದಕ್ಕೆ ಮೀಟಿಂಗೂ ಬೇಕಾಗಿಲ್ಲ, ಪೆನ್ನೊಂದಿದ್ದರೆ ಸಾಕು. ಆ ಪೆನ್ನನ್ನು ಸ್ವಲ್ಪ ಹೊತ್ತು ಕೆಳಗಿಡಿ ಎಂಬುದೇ ಈ ಪತ್ರದ ವಿನಂತಿ.

ಅಂಕಪಟ್ಟಿಯಲ್ಲಿ ಕಾಣದ ಕೆಲಸವೇ ಅವನ ಕೆಲಸ, ತೊಂದರೆ ಅಲ್ಲಿಂದಲೇ ಶುರು. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚುತ್ತಾನೆ, ಕಾರ್ನರ್‌ನವನು ಬಗ್ಗಿ ಪಾದದ ಗಂಟಿಗೆ ಕೈ ಹಾಕುತ್ತಾನೆ. ಅದೇ ಗಳಿಗೆಗೆ ಪಕ್ಕದ ಕವರ್‌ನವನು ಎದೆ ಕೊಟ್ಟು ನುಗ್ಗದಿದ್ದರೆ ಹಿಡಿದ ಕಾಲು ಹಿಡಿದವನನ್ನೇ ಎಳೆದುಕೊಂಡು ನಡುಗೆರೆ ಮುಟ್ಟುತ್ತದೆ. ಹಿಡಿತ ಕೂಡಿಬಂದರೆ ಅಂಕ ಬರೆಯುವುದು ಮೊದಲು ಹಿಡಿದವನ ಹೆಸರಿಗೆ. ನುಗ್ಗಿದವನಿಗೆ ದಕ್ಕುವುದು ಮೊಣಕೈ ತರಚು. ಇನ್ನು ರೈಡರ್ ಮೂವತ್ತು ಸೆಕೆಂಡು ಸುತ್ತಾಡಿ ಬರಿಗೈಲಿ ವಾಪಸಾದರೆ ಅದನ್ನು ಖಾಲಿ ರೈಡ್ ಎನ್ನುತ್ತಾರೆ. ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದು ಮಾಡು-ಇಲ್ಲವೇ-ಮಡಿ. ಆ ಮೂರನೇ ರೈಡ್‌ನಲ್ಲಿ ಹಿಡಿದವನು ವೀರ, ಮೊದಲಿನ ಎರಡನ್ನು ಖಾಲಿ ಮಾಡಿಸಿದವನು ಯಾರೆಂದು ಕೇಳುವವರೇ ಇಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಎಳೆಗೆ ಎಳೆ ಸಿಕ್ಕಿಸುವ ಕೊಂಡಿ ಇದೆಯಲ್ಲ, ಅಂಗಡಿಯಲ್ಲಿ ಯಾರೂ ಅದನ್ನು ಬಿಡಿಸಿ ನೋಡಿ ಕೊಳ್ಳುವುದಿಲ್ಲ. ಅದು ಬಿಟ್ಟುಕೊಂಡ ದಿನ ಕೈಯಲ್ಲಿ ಉಳಿಯುವುದು ಎರಡು ತುಂಡು ಬಟ್ಟೆ.

‘ಕಪ್ ತಂದುಕೊಟ್ಟದ್ದು ರೈಡರ್’ ಎಂದು ನಿಮ್ಮ ಮಾರ್ಕೆಟಿಂಗ್ ವಿಭಾಗ ಕೂಗುವುದು ಇಲ್ಲಿಗೂ ಕೇಳಿಸುತ್ತಿದೆ. ನಿಜ. 2019ರ ಜನವರಿಯಲ್ಲಿ ಮುಂಬೈನ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38–33ರಿಂದ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಬನಶಂಕರಿ ಜಾತ್ರೆಯಲ್ಲಿ ಬೆಳಗಾಗುವ ತನಕ ನಾಟಕ ನೋಡುವ ಬಾದಾಮಿಯವರಿಗೆ ಕಥಾನಾಯಕ ಯಾರೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಪವನ್ ಮುಂದಿನ ಎರಡೂ ಸೀಸನ್‌ಗಳಲ್ಲಿ 300ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದರು, ಕಪ್ ಮಾತ್ರ ಬರಲಿಲ್ಲ. ಎರಡೂ ಸಲ ಸೆಮಿಫೈನಲ್‌ನಲ್ಲೇ, ಎರಡೂ ಸಲ ದಬಂಗ್ ಡೆಲ್ಲಿಯ ಕೈಯಲ್ಲೇ ಸೋಲು: ಒಮ್ಮೆ 44–38, ಇನ್ನೊಮ್ಮೆ 40–35. ನಾವು ಹೊಡೆದ 38 ಅಂಕದಲ್ಲಿ ಕೊರತೆಯೇನಿಲ್ಲ ಸ್ವಾಮಿ, ಇದೇ 38ರಲ್ಲಿ ಫೈನಲ್ ಗೆದ್ದವರು ನೀವು. ಕೊರತೆ ಇದ್ದದ್ದು ಬಿಟ್ಟುಕೊಟ್ಟ 44ರಲ್ಲಿ.

ಬೇರೆಯವರ ಮನೆಯನ್ನೂ ನೋಡೋಣ. ಹತ್ತನೇ ಸೀಸನ್ ಫೈನಲ್‌ನಲ್ಲಿ ಪುಣೇರಿ ಪಲ್ಟನ್ ಹರಿಯಾಣ ಸ್ಟೀಲರ್ಸ್ ಅನ್ನು ಸೋಲಿಸಿದ್ದು 28–25ರಿಂದ. ಸೋತ ಹರಿಯಾಣ ತನ್ನ ಡಿಫೆನ್ಸಿನ ತಿರುಳನ್ನು ಹರಾಜಿಗೆ ಎಸೆಯದೆ, ಕವರ್‌ನಲ್ಲಿ ಜೈದೀಪ್ ದಹಿಯಾ, ಕಾರ್ನರ್‌ನಲ್ಲಿ ರಾಹುಲ್ ಸೇಠ್‌ಪಾಲ್ ಅವರನ್ನು ಹಾಗೇ ಇಟ್ಟುಕೊಂಡು ಮರು ಸೀಸನ್ನಿನಲ್ಲಿ ಮತ್ತೆ ಫೈನಲ್‌ಗೆ ಬಂತು. ಎದುರಿಗೆ ಪಟ್ನಾ ಪೈರೇಟ್ಸ್, ಅವರಲ್ಲಿ ಆ ಸೀಸನ್ನಿನಲ್ಲಿ 300 ಅಂಕ ದಾಟಿದ ದೇವಾಂಕ್. ಫಲಿತಾಂಶ 32–23. ಕೋಟಿಯ ರೈಡರ್‌ಗಳು ಲೀಗ್ ಹಂತ ದಾಟಿಸುತ್ತಾರೆ. ಫೈನಲ್ ರಾತ್ರಿ ಇಪ್ಪತ್ತು ಚಿಲ್ಲರೆ ಅಂಕಕ್ಕೆ ಎದುರಾಳಿಯನ್ನು ಕಟ್ಟಿಹಾಕುವವರು ಬೇರೆ.

ಅದೇ ಸೀಸನ್ನಿಗೆ, 2024ರಲ್ಲಿ, ನೀವೇನು ಮಾಡಿದಿರಿ? 5 ಕೋಟಿಯ ಥೈಲಿಯಲ್ಲಿ ಅಜಿಂಕ್ಯ ಪವಾರ್‌ಗೆ 1.107 ಕೋಟಿ, ಪ್ರದೀಪ್ ನರ್ವಾಲ್‌ಗೆ 70 ಲಕ್ಷ. ಇಬ್ಬರೂ ರೈಡರ್‌ಗಳೇ. 22 ಪಂದ್ಯದಲ್ಲಿ ಗೆದ್ದದ್ದು ಎರಡು. ಪಟ್ಟಿಯ ತಳದಲ್ಲಿ ನೀವು ತೋರಿದ ಸ್ಥಿರತೆಯನ್ನು ಹುನಗುಂದದ ಮೈದಾನದ ಹುಡುಗರು ಈಗಲೂ ನೆನೆಯುತ್ತಾರೆ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಪ್ಪಿಸಿಕೊಂಡು ಓಡುವುದು ಸರಿಯಲ್ಲ. ಆ ದೊಡ್ಡ ಹೆಸರುಗಳನ್ನೆಲ್ಲ ಬಿಟ್ಟು, ಬಿ.ಸಿ. ರಮೇಶ್ ಅವರನ್ನು ಕೋಚ್ ಮಾಡಿ, ಹೊಸ ತಂಡ ಕಟ್ಟಿದಿರಿ; 2025ರಲ್ಲಿ ಲೀಗ್ ಹಂತದಲ್ಲಿ ಮೂರನೇ ಸ್ಥಾನ ಬಂತು. ಹಾಗಾದರೆ ಬಿಟ್ಟುಬಿಡುವುದೇ ಲಾಭವಲ್ಲವೇ? ಹನ್ನೆರಡನೇ ಸ್ಥಾನದ ತಂಡವನ್ನು ಗುಡಿಸಿದರೆ ಲಾಭವೇ, ಅಲ್ಲಿ ಕಳೆದುಕೊಳ್ಳಲು ಏನಿತ್ತು? ಮೂರನೇ ಸ್ಥಾನಕ್ಕೆ ಬಂದ ತಂಡವನ್ನೂ ಅದೇ ಪೊರಕೆಯಿಂದ ಗುಡಿಸಿದರೆ ಒಂದು ವರ್ಷ ಕೂಡಿ ಕಲಿತ ಚೈನ್ ಹಿಡಿತ, ಕಣ್ಸನ್ನೆ, ಯಾರು ಮೊದಲು ನುಗ್ಗಬೇಕೆಂಬ ಲೆಕ್ಕ ಎಲ್ಲವೂ ಕಸದ ಜೊತೆ ಹೋಗುತ್ತದೆ. ಬೆಂಗಾಲ್ ಮತ್ತು ಪುಣೇರಿ ಎರಡಕ್ಕೂ ಕಪ್ ಗೆದ್ದುಕೊಟ್ಟ ಕೋಚ್‌ಗೆ ಇದು ತಿಳಿಯದ್ದಲ್ಲ. ತಿಳಿಯಬೇಕಾದವರು ಹರಾಜಿನ ಟೇಬಲ್ಲಿನ ಆಚೆ ಕುಳಿತಿರುತ್ತಾರೆ.

ಹಣದ ಮಾತು ಬೇಗ ಮುಗಿಯುತ್ತದೆ. 2024ರ ಹರಾಜಿನಲ್ಲಿ ಸಿ ವರ್ಗದ ಮೂಲಬೆಲೆ 13 ಲಕ್ಷ, ಡಿ ವರ್ಗದ್ದು 9 ಲಕ್ಷ. ಬೆಂಚಿನವನು ಹೆಚ್ಚೂಕಡಿಮೆ ಇದೇ ಲೆಕ್ಕದವನು. ಇನ್ನೂ ಅಗ್ಗಕ್ಕೆ ಹೊಸ ಹುಡುಗ ಸಿಗುತ್ತಾನೆ, ಒಪ್ಪಿದೆವು. ಅವನನ್ನೂ ತೆಗೆದುಕೊಳ್ಳಿ, ಆದರೆ ಮುಖ್ಯ ಕವರ್‌ನವನಿಗೆ ಮೊಣಕಾಲು ತಿರುಚಿದ ದಿನ, ಅಂಕಣದಲ್ಲಿ ಉಳಿದ ಮೂವರಲ್ಲಿ ಒಬ್ಬನಾಗಿ ಸೂಪರ್ ಟ್ಯಾಕಲ್‌ಗೆ ಕಾಯುವ ಎದೆ ಇರಬೇಕಾದದ್ದು ಎರಡು ಸೀಸನ್ ಬೆಂಚ್ ಕಾಯಿಸಿದವನಿಗೋ, ನಿನ್ನೆ ಬಂದವನಿಗೋ?

ಇನ್ನೊಂದು ಗುಮಾನಿ ನಿಮಗಿರಬಹುದು: ಇವರು ಕನ್ನಡದ ಹುಡುಗನೊಬ್ಬನನ್ನು ನುಸುಳಿಸುತ್ತಿದ್ದಾರೆ ಅಂತ. ಇಲ್ಲ. ಅವನು ಸೋನಿಪತ್‌ನವನಾದರೂ ನಮಗೆ ನಡೆಯುತ್ತದೆ. ಜೋಳದ ರೊಟ್ಟಿ ತಿನ್ನಿಸುವ ಜವಾಬ್ದಾರಿ ನಮ್ಮದು. ಕನ್ನಡದ ಹುಡುಗರ ವಿಷಯ ಬೇರೆ, ಅದಕ್ಕೆ ಇನ್ನೂ ಉದ್ದನೆಯ, ಇನ್ನೂ ಕಹಿಯಾದ ಪತ್ರ ಬೇಕಾಗುತ್ತದೆ.

ಇಷ್ಟಾದ ಮೇಲೂ ಪಟ್ಟಿಯಲ್ಲಿ ಅವನಿಗೆ ಜಾಗವಿಲ್ಲ ಎನ್ನುವುದಾದರೆ ನಿಮ್ಮ ಕೈಯಲ್ಲಿ ಎಫ್‌ಬಿಎಂ (ಫೈನಲ್ ಬಿಡ್ ಮ್ಯಾಚ್) ಕಾರ್ಡ್ ಅಂತ ಒಂದಿದೆ. ಹೊರಗಿನವರು ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಹಳೆಯ ಆಟಗಾರನನ್ನು ವಾಪಸು ಪಡೆಯಲು ಮಾಡಿದ ವ್ಯವಸ್ಥೆ. ಹರಾಜಿನ ಎರಡನೇ ದಿನ ಸಂಜೆ, ದೊಡ್ಡ ಹೆಸರುಗಳೆಲ್ಲ ಮುಗಿದು, ಕ್ಯಾಮೆರಾದವರೂ ಚಹಾಕ್ಕೆ ಹೋದ ಹೊತ್ತಿಗೆ ಅವನ ಹೆಸರು ಕೂಗುತ್ತಾರೆ. ಆಗ ನಿಮ್ಮ ಟೇಬಲ್ಲಿನಲ್ಲಿ ಯಾರಾದರೂ ಒಬ್ಬರು ಫೋನು ನೋಡದೆ ಎಚ್ಚರ ಇರಲಿ.

ಇಂತಿ,
ಬಾಗಲಕೋಟೆ ಜಿಲ್ಲೆಯ ಕಬಡ್ಡಿ ಪ್ರೇಕ್ಷಕ