ತೊಂಬತ್ತೆಂಟರ ಪುಟ್ಟ

ಐದು ವರ್ಷದ ಮಗುವಿನ ಬುದ್ಧ್ಯಂಕವನ್ನು ಶಾಲೆ ಆರಿಸುವ ಹೊತ್ತಿಗೆ ಓದುವ ಕ್ರಮ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಹೀಗಿದೆ.

ರಾಯರು: ಮೇಷ್ಟ್ರೇ, ಬುದ್ಧಿಪರೀಕ್ಷೇಲಿ ಪುಟ್ಟನಿಗೆ 98! ಎರಡೇ ಮಾರ್ಕು ಹೋಯ್ತು.

ಮೇಷ್ಟ್ರು: ಅದು ಮಾರ್ಕಲ್ಲ ರಾಯರೇ. ಆ ವಯಸ್ಸಿನ ಮಕ್ಕಳ ಸರಾಸರಿಯೇ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರೊಳಗೇ ಇರ್ತಾರೆ.

ರಾಯರು: ಅಲ್ಲೂ ಅಷ್ಟು ರಶ್ಶಾ? ಸೀಟು ಸಿಕ್ಕ ಹಾಗೇ!

ಮೇಷ್ಟ್ರು: ಇನ್ನೊಂದು ದಿನ ಕೂರಿಸಿದ್ರೆ ನಾಕಾರು ಅಂಕ ಹೆಚ್ಚುಕಮ್ಮಿ ಆಗುತ್ತೆ.

ರಾಯರು: ಹೆಚ್ಚಾಗೋ ದಿನ ಯಾವುದು? ಪಂಚಾಂಗ ನೋಡಿಸ್ತೀನಿ.

ಮೇಷ್ಟ್ರು: 1905ರಲ್ಲಿ ಪ್ಯಾರಿಸ್ಸಿನ ಬಿನೆ ಈ ಪರೀಕ್ಷೇನ ಮಾಡಿದ್ದು, ಯಾವ ಮಗುವಿಗೆ ಹೆಚ್ಚು ನೆರವು ಬೇಕು ಅಂತ ತಿಳಿಯೋಕೆ. ಕನ್ನಡ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್.

ರಾಯರು: ಕಾಮತರದ್ದಾ? ಹಾಗಾದ್ರೆ ಮಸಾಲೆದೋಸೆ ತಿನ್ನಿಸಿಯೇ ಕೂರಿಸಬೇಕಿತ್ತು!

ಮೇಷ್ಟ್ರು: ಸೇರಿಸಿಕೊಳ್ಳೋಕೆ ಮಗುವನ್ನ ಪರೀಕ್ಷೆ ಮಾಡಿ ಸೋಸಿದ್ರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಗೆ 25,000 ರೂಪಾಯಿವರೆಗೆ ದಂಡ.

ರಾಯರು: ಡೊನೇಷನ್‌ಗಿಂತ ಅಗ್ಗ! ದಂಡ ನಾನೇ ಕಟ್ತೀನಿ, ಸೀಟು ಕೊಡ್ಲಿ.

ಮೇಷ್ಟ್ರು: ಆಮೇಲಿನ ಪ್ರತಿ ತಪ್ಪಿಗೂ 50,000.

ರಾಯರು: ಸರಿ, ಅವನ ತಂಗಿ ಪುಟ್ಟಿಗೂ ಈಗಲೇ ತೆಗೆದಿಡ್ತೀನಿ.