ಕೋಪಪ್ರಾಶನಶಾಸ್ತ್ರ: ಪ್ರಥಮಾಧ್ಯಾಯ

ಲಕ್ಷಣ: ಬಂದ ಕೋಪವನ್ನು ಬಂದೇ ಇಲ್ಲವೆಂಬಂತೆ ನುಂಗಿ, ನುಂಗಿದ್ದನ್ನೂ ಮರೆತವನು ಕೋಪಪ್ರಾಶಕ. ನುಂಗಿದ್ದು ನೆನಪಿದ್ದರೆ ಅವನು ಬರೀ ತಾಳ್ಮೆಯ ಮನುಷ್ಯ. ಅಂಥವರಿಗೆ ಶಾಲು ಹೊದಿಸಿ ಕಳಿಸಿದರೆ ಸಾಕು, ಶಾಸ್ತ್ರ ಬೇಕಿಲ್ಲ.

ಪೂರ್ವಪಕ್ಷಿ ಕೇಳುತ್ತಾನೆ: ಇದರಲ್ಲಿ ಹೊಸದೇನು? ಭರತಮುನಿ ನಾಟ್ಯಶಾಸ್ತ್ರದ 33 ವ್ಯಭಿಚಾರಿ ಭಾವಗಳಲ್ಲಿ ಅವಹಿತ್ಥವನ್ನೂ, ಅಂದರೆ ಭಾವ ಮುಚ್ಚಿಡುವುದನ್ನೂ, ಸೇರಿಸಿದ್ದಾನಲ್ಲ? ಸೇರಿಸಿದ್ದಾನೆ, ಒಪ್ಪಿದೆವು. ಆದರೆ ಕುಮಾರಸಂಭವದಲ್ಲಿ ಹಿಮವಂತನೆದುರು ಅಂಗಿರಸರು ಮದುವೆಯ ಮಾತೆತ್ತಿದಾಗ ಪಕ್ಕದಲ್ಲಿದ್ದ ಪಾರ್ವತಿ ತಲೆ ತಗ್ಗಿಸಿ ಕಮಲದ ಎಸಳೆಣಿಸಿದಳು. ಒಳಗೇನಿದೆಯೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಪ್ರಾಶಕನೋ ಎಸಳನ್ನು ನಿಜಕ್ಕೂ ಎಣಿಸುತ್ತಾನೆ; ಕೇಳಿದರೆ ಲೆಕ್ಕ ಒಪ್ಪಿಸುತ್ತಾನೆ.

ಈ ಭೇದ ಪಶ್ಚಿಮದವರಿಗೂ ತಡವಾಗಿಯಾದರೂ ಹೊಳೆಯಿತು. ಬೇಡದ್ದನ್ನು ಪ್ರಜ್ಞೆಯ ಹತ್ತಿರ ಸುಳಿಯಗೊಡದಿರುವುದೇ ದಮನ ಎಂದು ಫ್ರಾಯ್ಡ್ 1915ರಲ್ಲಿ ಬರೆದ. 1979ರಲ್ಲಿ ವೈನ್‌ಬರ್ಗರ್, ಶ್ವಾರ್ಟ್ಜ್, ಡೇವಿಡ್‌ಸನ್ ಎಂಬ ಮೂವರು ಅಳತೆಗೇ ಇಳಿದರು. 'ನನಗೆ ಆತಂಕವೇ ಇಲ್ಲ' ಎನ್ನುವವರನ್ನು ಎರಡು ಗುಂಪು ಮಾಡಲು ಅವರು ಬಳಸಿದ್ದು ಕ್ರೌನ್ ಮತ್ತು ಮಾರ್ಲೋ 1960ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ತಾವು ದೇವರಂಥವರೆಂದು ತೋರಿಸಿಕೊಳ್ಳುವವರು ಅದರಲ್ಲಿ ಸಿಕ್ಕಿಬೀಳುತ್ತಾರೆ. ಅದರ ಪ್ರಶ್ನೆಗಳೂ 33! ಇದನ್ನು ಕಾಕತಾಳೀಯ ಎನ್ನುವವರೊಡನೆ ನಮಗೆ ವಾದವಿಲ್ಲ. ಕೋಪವಂತೂ ಇಲ್ಲವೇ ಇಲ್ಲ.

ಕಾಮಕ್ರೋಧದ ಮಾತುಗಳನ್ನು ಮುಂದಿಟ್ಟು ಉತ್ತರ ಹೇಳಿಸಿದಾಗ ದೇವರಂಥವರ ಎದೆಬಡಿತ, ಚರ್ಮದ ವಿದ್ಯುನ್ನಿರೋಧ, ಹಣೆಯ ಬಿಗಿತ ಮೂರೂ ಅವರ ಬಾಯಿಗೆ ವಿರುದ್ಧವಾಗಿ ಸಾಕ್ಷಿ ಹೇಳಿದವು. 1987ರಲ್ಲಿ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಬಿಳಿ ಕರಡಿಯನ್ನು ನೆನೆಯಬೇಡಿ ಎಂದದ್ದಕ್ಕೆ ಜನ ನೆನೆನೆನೆದು ಗಂಟೆ ಬಾರಿಸಿದರಂತೆ. ಅದು ನಮ್ಮ ಶಾಸ್ತ್ರಕ್ಕೆ ಹೊರಗು; ಅವರಿಗೆ ಕರಡಿಯಾದರೂ ಕಾಣುತ್ತಿತ್ತು.

ನಮ್ಮಲ್ಲಿ ಯಂತ್ರ ಬೇಕಿಲ್ಲ. ನಾದಿನಿ ಬಂದು ಮೂರು ವಾರವಾಗಿದೆ ಎಂದಿಟ್ಟುಕೊಳ್ಳಿ. 'ಅಯ್ಯೋ, ನನಗೇನು ಬೇಜಾರು? ಇರ್ಲಿ ಪಾಪ' ಎನ್ನುವ ಗೃಹಿಣಿಯ ದನಿಯಲ್ಲಿ ಕಿಂಚಿತ್ತೂ ಲೋಪವಿಲ್ಲ. ಸೌಟು ಮಾತ್ರ ಪಾತ್ರೆಯ ಅಂಚಿಗೆ ಒಂದೇಟು ಹೆಚ್ಚು ಬೀಳುತ್ತದೆ. ಒಗ್ಗರಣೆಯ ಘಾಟಿಗೆ ಪಕ್ಕದ ಮನೆಯವರು ಕೆಮ್ಮುತ್ತಾರೆ. ನಾದಿನಿಯ ಲೋಟಕ್ಕೆ ಕಾಫಿ ಕಂಠಮಟ್ಟ, ಸಕ್ಕರೆ ಶೂನ್ಯ. ಗಂಡಸರಲ್ಲಿ ಇದೇ ಭಾವ ಗೇಟಿನ ಚಿಲಕಕ್ಕೂ ಸ್ಕೂಟರಿನ ಕಿಕ್ಕರಿಗೂ ಇಳಿಯುತ್ತದೆ. 'ನಾನು ಮಾತಾಡೋದೇ ಇಲ್ಲಪ್ಪ' ಎಂದು ಅರ್ಧಗಂಟೆ ಮಾತಾಡುವುದು ಇದರ ಪ್ರೌಢ ರೂಪ. ಮನೆಯ ನಾಯಿಗೂ ತಿಳಿದು ಮಂಚದಡಿ ಸೇರಿಕೊಂಡಿರುತ್ತದೆ. ತಿಳಿಯದೇ ಉಳಿದವನು ಪ್ರಾಶಕನೊಬ್ಬನೇ.

ಈ ಅಧ್ಯಾಯದ ಹಸ್ತಪ್ರತಿ ಓದಿದ ಮಿತ್ರರೊಬ್ಬರು, ಇದರಲ್ಲಿ ಶಾಸ್ತ್ರವೂ ಇಲ್ಲ, ಹಾಸ್ಯವೂ ಇಲ್ಲ ಎಂದರು. ನಾವು ನಕ್ಕೆವು. ಒತ್ತಾಯ ಮಾಡಿ ಎರಡನೆಯ ಸಲ ಕಾಫಿ ಕುಡಿಸಿದೆವು. 'ಮೂರ್ಖಲಕ್ಷಣ' ಎಂಬ ದ್ವಿತೀಯಾಧ್ಯಾಯವನ್ನು ಅವರಿಗೇ ಪ್ರೀತಿಯಿಂದ ಅರ್ಪಿಸಿದ್ದೇವೆ.